ಗೌಂಡಿಯ ಏಟು

ಹಲ್ಲಿ ಹೋಗುತ್ತಿದೆ, ಗೋಡೆಯ ಬಲಮೂಲೆಯಿಂದ ಹೊರಟು ಕ್ಯಾಲೆಂಡರ್ ದಾಟಿ ಬೇಡಿಗಳನ್ನು ನೇತುಹಾಕಿದ ಮೊಳೆಯ ತನಕ ಬಂತು, ಆಮೇಲೆ ಇಲ್ಲ — ಬಿದ್ದದ್ದಲ್ಲ, ಸಂದಿಗೆ ನುಗ್ಗಿದ್ದಲ್ಲ, ಎಡಕ್ಕೆ ಹೋಯಿತು ಅಷ್ಟೆ, ಎಡಕ್ಕೆ ಹೋದದ್ದೆಲ್ಲ ಸಾಯಬಣ್ಣನ ಪಾಲಿಗೆ ಹೀಗೆಯೇ ಇಲ್ಲವಾಗುತ್ತದೆ, ಆರು ವರ್ಷವಾಯಿತು, ಸಿ.ವಿ. ರಾಮನ್ ನಗರದ ಕಟ್ಟಡದ ಮೂರನೇ ಮಹಡಿಯಲ್ಲಿ ಸಾರವೆಯ ಹಗ್ಗ ಹರಿದು, ಹಲಗೆಯ ಸಮೇತ ಕೆಳಗೆ ಬಂದ ದಿನದಿಂದ. ಕಣ್ಣು ಚೆನ್ನಾಗೇ ಇದೆಯಮ್ಮ, ಎಡಗಡೆ ಅನ್ನೋದು ಒಂದಿದೆ ಅಂತ ಮಿದುಳಿಗೆ ಮರೆತುಹೋಗಿದೆ, ಎಂದು ಆಸ್ಪತ್ರೆಯ ಡಾಕ್ಟರು ಹೆಂಡತಿ ಭೀಮಬಾಯಿಗೆ ಹೇಳಿದ್ದರು, ಅವಳು ತಿಳಿದವಳ ಹಾಗೆ ತಲೆಯಾಡಿಸಿದ್ದಳು, ಏನೂ ತಿಳಿದಿರಲಿಲ್ಲ, ತಿಳಿದದ್ದು ಮನೆಗೆ ಬಂದಮೇಲೆ, ತಟ್ಟೆಯ ರೊಟ್ಟಿಯಲ್ಲಿ ಬಲಗಡೆಯ ಅರ್ಧ ಮುಗಿಸಿ, ಎಡಗಡೆಯ ಅರ್ಧ ಹಾಗೇ ಬಿಟ್ಟು, ಗಂಡ ಇನ್ನೂ ಹಸಿವು ಎಂದು ಅಳುವ ಮುಖ ಮಾಡಿದಾಗ — ಆವತ್ತಿನಿಂದ ಅವಳು ಊಟದ ನಡುವೆ ಒಂದು ಸಲ ತಟ್ಟೆ ತಿರುಗಿಸುತ್ತಾಳೆ, ಮಾತಿಲ್ಲ ಕತೆಯಿಲ್ಲ, ತಿರುಗಿಸಿ ಮತ್ತೆ ಒಲೆಯ ಕಡೆ ಹೋಗುತ್ತಾಳೆ. ಇಂದು ಬೆಳಿಗ್ಗೆಯೂ ತಿರುಗಿಸಿದ್ದಳು. ಈಗ ಶುಕ್ರವಾರ ಸಂಜೆ ಆರು ಗಂಟೆ, ಇದು ಪೊಲೀಸ್ ಠಾಣೆ, ಇವನು ಬೆಂಚಿನ ಮೇಲೆ, ಅವಳು ಒಳಕೋಣೆಯಲ್ಲಿ, ನಡುವಿನ ಬಾಗಿಲು ಅರ್ಧ ಮುಚ್ಚಿದೆ.

ಹೇಳಬೇಕಾದದ್ದು ಒಂದೇ ಮಾತು, ಅಕಿಗಿ ಏನೂ ಗೊತ್ತಿಲ್ರಿ ಸಾಹೇಬ್ರೆ, ಅದನ್ನು ನಂಬಿಸಿಬಿಟ್ಟರೆ ಭೀಮಬಾಯಿ ಸಂಜೆಯ ಬಸ್ಸಿಗೆ ಕೆ.ಆರ್. ಪುರದ ಬಾಡಿಗೆ ಕೋಣೆಗೆ ಹೋಗುತ್ತಾಳೆ, ನಂಬಿಸದಿದ್ದರೆ ಜೈಲಿಗೆ, ತನ್ನದು ಏನಾದರೂ ಆಗಲಿ, ಗೋಡೆ ಒಡೆದವನು ತಾನು, ಮಾಡಿದ್ದುಣ್ಣೋ ಮಹರಾಯ, ಉಣ್ಣೋಣ, ಆದರೆ ಅವಳು ಏನು ಮಾಡಿದ್ದಾಳೆ — ಏನೋ ಅದು ಗೊಣಗೋದು, ಬಾಯ್ಬಿಟ್ಟು ಹೇಳು, ಎನ್ನುತ್ತಾನೆ ಮೇಜಿನ ಆಚೆಯಿಂದ ಸಬ್ ಇನ್ಸ್‌ಪೆಕ್ಟರ್ ಅಂಜನಮೂರ್ತಿ. ಅಕಿಗಿ ಗೊತ್ತಿಲ್ರಿ. ಅದನ್ನ ಹತ್ತು ಸಲ ಹೇಳಿದೀಯ ಮಾರಾಯ, ಚಿನ್ನ ತಗೊಂಡು ಹೋದೋನು ಯಾರು ಅದನ್ನ ಹೇಳು. ದತ್ತು, ದತ್ತು ಮೇಸ್ತ್ರಿ ರೀ, ನಮ್ಮೂರಾಂವ. ನೋಡಿದ್ರ್ಯಾ ಸರ್, ಎನ್ನುತ್ತದೆ ಆಗ ಒಂದು ದನಿ, ಬೆಣ್ಣೆಯಲ್ಲಿ ಅದ್ದಿ ತೆಗೆದ ದನಿ, ನಾ ಎದುರಿಗಿ ಕಂಡೆ ಅಂತ ನನ್ನ ಹೆಸರು ಹೇಳ್ಲಕತ್ತಾನ, ನೀವು ಕಂಡಿದ್ರ ನಿಮ್ಮ ಹೆಸರು ಹೇಳ್ತಿದ್ದ, ಪಾಪ, ಇವನ ತಲಿ ಸರಿ ಇಲ್ಲರಿ — ದತ್ತುವೇ ಅದು, ಇಲ್ಲೇ ನಿಂತಿದ್ದಾನೆ, ಸುದ್ದಿ ತಿಳಿದು ಓಡಿ ಬಂದ ಊರಿನ ಹಿರಿಯನ ಹಾಗೆ, ಹನ್ನೆರಡರಿಂದ ಮೂರರ ತನಕ ಮೇಸ್ತ್ರಿ ಸೈಟಿನಲ್ಲೇ ಇದ್ದರು ಎನ್ನಲು ನಾಲ್ಕು ಕೂಲಿಗಳನ್ನೂ ಹಿಡಿದುಕೊಂಡು ಬಂದಿದ್ದಾನೆ, ನಾಳೆ ಕೆಲಸ ಬೇಕಾದವರು ಇನ್ನೇನು ಹೇಳುತ್ತಾರೆ. ಸಾಯಬಣ್ಣನಿಗೆ ಅವನು ಕಾಣುತ್ತಿಲ್ಲ. ಎಡಗಡೆ ನಿಂತಿದ್ದಾನೆ, ಯಾವಾಗಲೂ ಎಡಗಡೆಯೇ ನಿಲ್ಲುತ್ತಾನೆ, ಆರು ವರ್ಷದಲ್ಲಿ ಆ ಮುಖ ಕಂಡದ್ದಕ್ಕಿಂತ ಆ ದನಿ ಕೇಳಿದ್ದೇ ಹೆಚ್ಚು. ಭೀಮಬಾಯಿಯೂ ರಸ್ತೆಯಲ್ಲಿ ಎಡಗಡೆಯೇ ನಡೆಯುತ್ತಾಳೆ, ಆಟೋ ಬಂದು ಗುದ್ದದಿರಲಿ ಎಂದು, ಹೋಗಲಿ, ಅವಳ ಮಾತು ಇವನ ಜೊತೆ ಯಾಕೆ ಸೇರಿಸಬೇಕು. ಕತ್ತನ್ನು ಅಷ್ಟೂ ತಿರುಗಿಸಿದರೆ ಅವನ ಅಂಗಿಯ ತೋಳು ಕಾಣುತ್ತದೆ, ಇಸ್ತ್ರಿ ಮಾಡಿದ ತೋಳು, ಗೋಡೆ ಒಡೆಯುವಾಗ ತೊಟ್ಟಿದ್ದು ಬೇರೆ ಅಂಗಿ, ಆ ಅಂಗಿಗೆ ಸುಣ್ಣ ಬಡಿದಿತ್ತು, ಅಂಗಿ ಬದಲಿಸ್ಯಾನ ಸಾಹೇಬ್ರೆ ಎನ್ನುತ್ತಾನೆ ಸಾಯಬಣ್ಣ, ಅಂಜನಮೂರ್ತಿ ನಗುತ್ತಾನೆ.

ಮಂಗಳವಾರ ಬಂದಿದ್ದ ದತ್ತು, ಬಾಗಿಲಲ್ಲೇ ನಿಂತು, ಗೌಂಡಿ ಅದಾನೇನ್ರಿ ಮನ್ಯಾಗ ಎಂದಿದ್ದ, ಗೌಂಡಿ, ಆ ಒಂದು ಶಬ್ದ — ನಮ್ಮ ಕಡೆ ಗೋಡೆ ಕಟ್ಟುವವನಿಗೆ ಗೌಂಡಿ ಎನ್ನುತ್ತಾರೆ, ಬೆಂಗಳೂರಿನವರು ಗಾರೆಯವನು ಎನ್ನುತ್ತಾರೆ, ಆರು ವರ್ಷದಿಂದ ಎರಡನ್ನೂ ಯಾರೂ ಎಂದಿಲ್ಲ, ಭೀಮಬಾಯಿಯ ಗಂಡ, ಪಾಪದವನು, ತಲೆಗೆ ಪೆಟ್ಟಾದವನು, ಓಣಿಯಲ್ಲಿ ಅವನಿಗೆ ಇಷ್ಟು ಹೆಸರು ಬಿದ್ದಿವೆ. ಭೀಮಬಾಯಿ ಮನೆಯಲ್ಲಿರಲಿಲ್ಲ, ಅವಳಿಲ್ಲದ ಹೊತ್ತು ನೋಡಿಕೊಂಡೇ ಬಂದಿದ್ದ ಅಂತ ಈಗ ತಿಳಿಯುತ್ತದೆ, ಕೆಟ್ಟ ಮೇಲೆ ಬುದ್ಧಿ ಬಂತು. ಕೆಲಸ ಅದ, ಬರ್ತಿ ಏನು? ನನ್ನ ಕೈಲೆ ಏನ್ ಆಗ್ತದೋ ದತ್ತು, ಒಂದು ಕಡಿ ಕಾಣಂಗಿಲ್ಲ. ಕಟ್ಟೂದಲ್ಲಲೇ, ಒಡಿಯೂದು, ಒಂದು ಬಾಗಿಲ ತೆಗಿಯೂದು, ಗೋಡಿ ಯಾವ್ದು ಗೊತ್ತೇನು, ನೀನೇ ಕಟ್ಟಿದ್ದು, ಶಿವಾಜಿನಗರದಾಗ, ಅಣ್ಣ ತಮ್ಮ ಪಾಲಾದಾಗ ಮುಚ್ಚಿದ್ದೆವಲ್ಲ, ಅದು, ಪಕ್ಕದ ಮನಿ ಈಗ ರಿಪೇರಿ ನಡೆದದ, ಮತ್ತ ಬಾಗಿಲ ಬೇಕಂತ, ನಿನ್ನ ಬಿಟ್ರ ಯಾರಿಗಿ ಗೊತ್ತದ ಅದರ ಹಣೆಬರಹ. ಮುಟ್ಟಿದ್ದಕ್ಕೆಲ್ಲ ಕೈ ನಡುಗುವ ಮನುಷ್ಯನ ಮಡಿಲಿಗೆ ಒಂದು ಸುತ್ತಿಗೆ ಇಟ್ಟ, ಒಂದು ಉಳಿ ಇಟ್ಟ, ಮೂರು ದಿನ ನಿನ್ನ ಹತ್ರಾನೇ ಇರ್ಲಿ, ಕೈ ರೂಢಿ ಆಗ್ಲಿ, ಭೀಮಬಾಯಿಗಿ ಈಗ ಹೇಳಬ್ಯಾಡ, ಮೊದಲು ಪಗಾರ ತಂದು ಕೈಯಾಗಿಡು, ಆಮ್ಯಾಲೆ ಹೇಳು, ಖುಷಿ ಆಗ್ತಾಳ. ಎಷ್ಟು ಚೆನ್ನಾಗಿ ಗೊತ್ತು ಮನುಷ್ಯನಿಗೆ ಮನುಷ್ಯನ ಹಸಿವು. ಮೂರು ದಿನ ಆ ಸುತ್ತಿಗೆಯನ್ನು ಅಕ್ಕಿಯ ಡಬ್ಬಿಯ ಹಿಂದೆ ಬಚ್ಚಿಟ್ಟು, ಅವಳು ಕೆಲಸಕ್ಕೆ ಹೋದ ಮೇಲೆ ತೆಗೆದು ಹಿಡಿಯುತ್ತಿದ್ದ, ಹಿಡಿದರೆ ಕೈ ನಡುಗುತ್ತಿರಲಿಲ್ಲ, ಅದೊಂದು ಆಶ್ಚರ್ಯ, ಬೀಡಿ ಹಿಡಿದರೆ ನಡುಗುವ ಕೈ ಸುತ್ತಿಗೆ ಹಿಡಿದರೆ ಸುಮ್ಮನಾಗುತ್ತಿತ್ತು.

ಆ ಗೋಡೆಯ ಹಣೆಬರಹ — ರಸೆಲ್ ಮಾರ್ಕೆಟ್ಟಿನ ಹಿಂದಿನ ಓಣಿ, ತೊಂಬತ್ತಾರನೇ ಇಸವಿ, ಇಬ್ಬರು ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡು ನಡುವಿನ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿಸಿದ್ದರು, ಕಟ್ಟಿದವನು ಸಾಯಬಣ್ಣ, ಕಲಸಿ ಕೊಟ್ಟವಳು ಭೀಮಬಾಯಿ, ಸಾಮಾನು ತಂದವನು ದತ್ತು, ತಂದ ಸಿಮೆಂಟಿನಲ್ಲಿ ಅರ್ಧ ಚೀಲ ಬೇರೆಲ್ಲೋ ಇಳಿಸಿ ಬಂದವನೂ ದತ್ತುವೇ. ಸೊಂಟದೆತ್ತರ ಕಟ್ಟುವಷ್ಟರಲ್ಲಿ ಸಿಮೆಂಟು ಮುಗಿಯುತ್ತ ಬಂತು, ಇನ್ನು ಮಣ್ಣಾಗ ಕಟ್ಟು, ಉಳಿದದ್ದು ಮ್ಯಾಲೆ ಗಿಲಾಯಿಗಿ ಬಳಿ, ಯಾರಿಗಿ ಕಾಣ್ತದ ಎಂದ ದತ್ತು, ಭೀಮಬಾಯಿ ಬೇಡ ಅಂದಳು, ಮಂದಿ ಮನಿ ಅದ, ಪಾಪ ತಟ್ತದ ಅಂದಳು, ಆದರೂ ಮಣ್ಣು ಕಲಸಿದಳು, ಸಾಯಬಣ್ಣ ಕಟ್ಟಿದ, ಮೇಲೆ ಉಳಿದ ಸಿಮೆಂಟು ಬಳಿದು ನುಣ್ಣಗೆ ಮಾಡಿ ಸಂಬಳ ತೆಗೆದುಕೊಂಡ, ಗೌಂಡಿಯ ಹೆಮ್ಮೆಯೆಲ್ಲ ಹೊರಗಿನ ಅರ್ಧ ಇಂಚು. ಆಚೆಯ ಪಾಲು ಈಗ ನೂರುನ್ನೀಸಾ ಬೇಗಮ್ಮರದು, ಗಂಡ ತೀರಿದ ಹೆಂಗಸು, ಓಣಿಯ ಹೆಂಗಸರೆಲ್ಲ ಊರಿಗೆ ಹೋಗುವಾಗ, ಹೆರಿಗೆಗೆ ಹೋಗುವಾಗ, ಕುಡುಕ ಗಂಡಂದಿರು ಮನೆಗೆ ಬರುವ ದಿನ, ಮೈಮೇಲಿನ ಚಿನ್ನವನ್ನು ಕರವಸ್ತ್ರದಲ್ಲಿ ಗಂಟುಕಟ್ಟಿ ಅವರ ಕೈಗೆ ಕೊಡುತ್ತಾರೆ, ಅಮಾನತ್ತು ಎನ್ನುತ್ತಾರೆ, ಚೀಟಿಯಿಲ್ಲ ಸಹಿಯಿಲ್ಲ, ಅವರವರ ಕರವಸ್ತ್ರ ಅವರವರಿಗೆ ಗುರುತು, ಎಲ್ಲವೂ ಹಿಂದಿನ ಕೋಣೆಯ ಕಬ್ಬಿಣದ ಟ್ರಂಕಿನಲ್ಲಿ, ಬೀಗದ ಕೈ ಬೇಗಮ್ಮರ ಸೊಂಟದಲ್ಲಿ. ನಾಲ್ಕು ವರ್ಷದಿಂದ ಭೀಮಬಾಯಿ ಅವರ ಮನೆಯಲ್ಲಿ ಕಸ ಮುಸುರೆ ಮಾಡುತ್ತಾಳೆ, ಅವಳ ತಾಯಿ ಕೊಟ್ಟ ಚಿನ್ನದ ಗುಂಡಿನ ಸರ, ಬೋರಮಾಳವೂ ಆ ಟ್ರಂಕಿನಲ್ಲೇ ಇತ್ತು, ಹಸಿರು ಕುಪ್ಪಸದ ಬಟ್ಟೆಯಲ್ಲಿ ಸುತ್ತಿ. ಉಂಡ ಮನೆಯ ಜಂತೆ ಎಣಿಸಬಾರದು ಅಂತಾರೆ, ಸಾಯಬಣ್ಣ ಜಂತೆ ಎಣಿಸಲಿಲ್ಲ, ಗೋಡೆಯನ್ನೇ ಒಡೆದ, ಆ ಮನೆಯ ಮಾಂಸದ ಸಾರು, ಈದಿನ ಸೇವಿಗೆ, ಜ್ವರ ಬಂದಾಗ ಗುಳಿಗೆ, ಎಲ್ಲ ತಿಂದವನು.

ಗೊತ್ತಿರಲಿಲ್ಲವೇ? ಗೊತ್ತಿತ್ತು — ಇಲ್ಲಿ ಬೆಂಚಿನ ಮೇಲೆ ಕುಳಿತು ತನಗೆ ತಾನೇ ಸುಳ್ಳು ಹೇಳಿಕೊಂಡು ಏನು ಬಂತು — ಪಕ್ಕದ ಮನೆಯೊಳಗೆ ಕಾಲಿಟ್ಟ ಕೂಡಲೇ ಗೊತ್ತಾಯಿತು, ಮರಳಿರಲಿಲ್ಲ, ಆ ಕೋಣೆಯಲ್ಲಿ ಒಂದು ಬುಟ್ಟಿ ಮರಳಿರಲಿಲ್ಲ, ಸಿಮೆಂಟಿರಲಿಲ್ಲ, ಬಾಗಿಲ ಚೌಕಟ್ಟಿರಲಿಲ್ಲ, ಬಾಗಿಲು ತೆಗೆಯುವ ಕೆಲಸಕ್ಕೆ ಬರೀ ಸುತ್ತಿಗೆ ಹಿಡಿದು ಬರುತ್ತಾರೆಯೇ, ಬಲಗಡೆಯೇ ಇತ್ತು ಆ ಖಾಲಿ ಜಾಗ, ಎಡಗಡೆಯಲ್ಲ, ಕಂಡಿತು. ಉಸುಕು ಎಲ್ಲೋ ದತ್ತು ಎಂದ. ಬರ್ತದ, ತಳ್ಳುಗಾಡಿ ಹೇಳೀನಿ, ನೀ ಹೊಡಿ. ಹೊತ್ತನ್ನು ಆರಿಸಿದ್ದವನೂ ದತ್ತು, ಶುಕ್ರವಾರ, ಜುಮ್ಮಾ ನಮಾಜು, ರಿಪೇರಿಯ ಆಳುಗಳೂ ಓಣಿಯ ಗಂಡಸರೂ ಮಸೀದಿಯಲ್ಲಿ, ಅಂಗಡಿಗಳ ಷಟರು ಅರ್ಧ ಕೆಳಗೆ, ರಿಪೇರಿ ಮನೆಯಲ್ಲಿ ಹಗಲು ಹೊತ್ತು ಸುತ್ತಿಗೆ ಸದ್ದಾದರೆ ಯಾರು ತಿರುಗಿ ನೋಡುತ್ತಾರೆ, ಬೇಗಮ್ ಹಲಸೂರಿಗೆ ಹೋಗ್ಯಾರ, ಬೀಗರ ಮನಿಗಿ, ಮನಿ ಖಾಲಿ ಅದ ಎಂದಿದ್ದ. ಖಾಲಿ ಇರಲಿಲ್ಲ. ಬೇಗಮ್ಮರು ಹಿಂದಿನ ಕೋಣೆಗೆ ಬೀಗ ಹಾಕಿ, ಭೀಮಬಾಯಿಯನ್ನು ಮುಂದಿನ ಕೋಣೆಯಲ್ಲಿ ಕಾವಲಿಗೆ ಬಿಟ್ಟು ಹೋಗಿದ್ದರು, ನಾನು ಬರೋ ತನಕ ಕೂತಿರು ಬೇಟಿ ಅಂತ, ಅದು ದತ್ತುವಿಗೆ ಗೊತ್ತಿತ್ತೋ ಇಲ್ಲವೋ, ಸಾಯಬಣ್ಣನಿಗಂತೂ ಗೊತ್ತಿರಲಿಲ್ಲ, ದಿನಾ ಆ ಹೊತ್ತಿಗೆ ಅವಳ ಕೆಲಸ ಮುಗಿದಿರುತ್ತಿತ್ತು. ಗೋಡೆಗೆ ಕೈಯಿಟ್ಟ, ಸೊಂಟದ ಮೇಲೆ ಒಂದು ಗೇಣು ಬಿಟ್ಟು ಉಳಿ ಇಟ್ಟ, ಹೊಡೆದ. ಅಯ್ಯೋ, ಆ ಮೊದಲನೇ ಏಟು, ಭುಜದಿಂದ ಇಳಿದು ಮಣಿಕಟ್ಟಿನಲ್ಲಿ ತಿರುಗಿ ಉಳಿಯ ತಲೆಯ ಮೇಲೆ ನೆಟ್ಟಗೆ ಬಿತ್ತು, ಆರು ವರ್ಷ ಎಲ್ಲಿ ಅಡಗಿತ್ತು ಅದು, ಮಿದುಳು ಮರೆತದ್ದನ್ನು ತೋಳು ಮರೆತಿರಲಿಲ್ಲ, ಗಿಲಾಯಿ ಉದುರಿತು, ಮಣ್ಣು ಜರಿಯಿತು, ಒಂದು ಇಟ್ಟಿಗೆ ಇಡಿಯಾಗಿ ಕೈಗೆ ಬಂತು, ಎರಡು, ಮೂರು, ಅವನು ಅಳುತ್ತಿದ್ದ, ಸಂತೋಷಕ್ಕೆ ಅಳುತ್ತಿದ್ದ, ಕಳ್ಳತನ ಮಾಡುತ್ತಾ ಇಷ್ಟು ಸಂತೋಷಪಟ್ಟವನು ಈ ಭೂಮಿಯ ಮೇಲೆ ಇನ್ನೊಬ್ಬ ಇರಲಾರ.

ತೂತು ಮನುಷ್ಯ ನುಸುಳುವಷ್ಟಾಯಿತು, ಸಾಕು ಸರಿ ಎಂದಿತು ಎಡಗಡೆಯ ದನಿ, ಒಳಗೆ ಟ್ರಂಕಿನ ಕೊಂಡಿ ಮುರಿದ ಸದ್ದು, ಸಿಮೆಂಟಿನ ಖಾಲಿ ಚೀಲವೊಂದು ಗಂಟುಗಳಿಂದ ತುಂಬಿ ಹೊರಗೆ ಬಂತು, ಬಲಗಡೆಯಿಂದ ಹಾದುಹೋಯಿತು, ಬಾಯಲ್ಲಿ ಹಸಿರು ಬಟ್ಟೆಯ ತುದಿ — ಹಸಿರು, ಕುಪ್ಪಸದ ಹಸಿರು — ದತ್ತು, ಅದು ನಮ್ಮ ಭೀಮಬಾಯಿದು ಅದಲ್ಲೋ, ಎಂದ. ಎಲ್ಲಾ ಹಸರು ನಿನ್ನ ಹೆಂಡ್ತಿದೇನು, ಸುಮ್ನಿರು, ಉಸುಕಿನ ಗಾಡಿ ತರ್ತೀನಿ, ನೀ ಇಲ್ಲೇ ಕುಂದ್ರು, ಬಂದ ಮ್ಯಾಲೆ ಮುಚ್ಚಿ ಹೋಗಮು. ಹೋದ. ಓಡಬೇಕಿತ್ತು, ಬುದ್ಧಿ ಇದ್ದವನು ಓಡುತ್ತಾನೆ, ಬುದ್ಧಿ ಇಲ್ಲದ ಕಳ್ಳನೂ ಓಡುತ್ತಾನೆ, ಸಾಯಬಣ್ಣ ಓಡಲಿಲ್ಲ, ಒಡೆದ ಗೋಡೆ ಹಾಗೇ ಬಿಟ್ಟು ಗೌಂಡಿ ಎಲ್ಲಿಗೆ ಹೋಗುತ್ತಾನೆ, ಅದು ಕಲಿತ ಮೊದಲ ಪಾಠ, ಬಾಯಿ ತೆರೆದ ಗೋಡೆ ಮನೆಗೆ ಕೇಡು. ಕುಳಿತು ಇಟ್ಟಿಗೆಗಳ ಮಣ್ಣು ಕೆರೆದ, ಇಡಿ ಇಟ್ಟಿಗೆ ಒಂದು ಕಡೆ ಒಟ್ಟಿದ, ತುಂಡು ಇನ್ನೊಂದು ಕಡೆ, ನಲ್ಲಿಯಿಂದ ನೀರು ತಂದು ಇಟ್ಟಿಗೆ ನೆನೆಸಿದ, ಈ ಸಲ ಮಣ್ಣಿನಲ್ಲಲ್ಲ, ಸರಿಯಾಗಿ ಕಟ್ಟುತ್ತೇನೆ, ಬೇಗಮ್ಮರಿಗೆ ಋಣ ತೀರಲಿ ಅಂದುಕೊಂಡ, ಮರಳು ಈಗ ಬರುತ್ತದೆ ಅಂದುಕೊಂಡ, ನಮಾಜು ಮುಗಿದು ಓಣಿಯಲ್ಲಿ ಚಪ್ಪಲಿ ಸದ್ದಾಯಿತು, ಮರಳು ಬರಲಿಲ್ಲ, ಬೇಗಮ್ಮರು ಬಂದರು, ಹಿಂದಿನ ಕೋಣೆಯ ಬೀಗ ತೆಗೆದರು, ತೂತಿನ ಆಚೆಯಿಂದ ಅವರ ಮುಖ, ಈಚೆಯಿಂದ ಇವನ ಮುಖ, ಅವರ ಹೆಗಲ ಹಿಂದೆ ಇನ್ನೊಂದು ಮುಖ, ಭೀಮಬಾಯಿ. ಯಾ ಅಲ್ಲಾ, ಎಂದರು ಬೇಗಮ್ಮರು, ಭೀಮಾ, ನಿನ್ ಗಂಡ, ನೀನು ಇಲ್ಲೇ ಕೂತಿದ್ದೆಯಲ್ಲ, ಗೋಡೆ ಒಡೆಯೋ ಸದ್ದು ಕೇಳಲಿಲ್ಲವಾ ನಿಂಗೆ, ನಲವತ್ತು ಮನೆ ಅಮಾನತ್ತು, ಯಾರ್ಗೆ ಏನ್ ಜವಾಬ್ ಕೊಡ್ಲಿ ನಾನು. ಅದೇ ಪ್ರಶ್ನೆಯನ್ನು ಠಾಣೆಯಲ್ಲಿ ಅಂಜನಮೂರ್ತಿಯೂ ಹಿಡಿದುಕೊಂಡಿದ್ದಾನೆ, ಬಾಗಿಲ ಆಚೆ ಕೂತಿದ್ದೋಳು ಒಂದು ಗಂಟೆ ಸುತ್ತಿಗೆ ಏಟು ಕೇಳಿಸ್ಕೊಂಡು ಒಂದು ಸಲಾನೂ ಯಾಕೆ ಕೂಗ್ಲಿಲ್ಲ, ಸಂಚು ಇಲ್ದೆ ಹೆಂಗಯ್ಯ ಸುಮ್ನಿರ್ತಾಳೆ, ಗೋಡೆ ಎಲ್ಲಿ ಮೆತ್ತಗಿದೆ ಅಂತ ಮಣ್ಣು ಕಲಸಿದೋಳ್ಗೆ ಗೊತ್ತಿರಲ್ವಾ, ಅವಳ ಸರಾನೂ ಅದ್ರಲ್ಲೇ ಹೋಯ್ತಂತೆ, ಅನುಮಾನ ಬರ್ದೇ ಇರ್ಲಿ ಅಂತ ಇಟ್ಟಿದ್ದು ಅದು.

ಸಾಹೇಬ್ರೆ, ನಾ ಹೇಳ್ತೀನಿ ಕೇಳ್ರಿ — ನೀನು ಹೇಳೋದು ನಡೆಯಲ್ಲಪ್ಪ, ಇಲ್ನೋಡು, ಎಂದು ಅಂಜನಮೂರ್ತಿ ಒಂದು ಕಾಗದ ಎತ್ತಿ ಹಿಡಿಯುತ್ತಾನೆ, ಪ್ಲಾಸ್ಟಿಕ್ಕಿನ ಕವರಿನಲ್ಲಿ ಹಾಕಿಟ್ಟ ಕಾಗದ, ಸಾಯಬಣ್ಣನಿಗೆ ಗೊತ್ತು ಅದು, ತಮ್ಮ ಬಾಡಿಗೆ ಕೋಣೆಯ ಗೋಡೆಗೂಡಿನಲ್ಲಿ ಇರುವಂಥದ್ದು, ಕೋಣೆಗೆ ಹೋಗಿ ತಂದವನು ದತ್ತು, ಇವನ್ನ ಬಿಡಿಸ್ಲಿಕ್ಕೆ ಇದೊಂದೇ ದಾರಿ ಸರ್ ಎಂದು ತಂದು ಕೊಟ್ಟಿದ್ದಾನೆ, ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ, ಈ ಕೋತಿ ಒರೆಸಿ, ಆಮೇಲೆ ಮೇಕೆಯ ಪರ ವಕೀಲಿಕೆಗೂ ಬಂದಿದೆ. ಅಂಗವಿಕಲರ ಸರ್ಟಿಫಿಕೇಟು, ಬಸ್ ಪಾಸಿಗೆ ಮಾಡಿಸಿದ್ದು, ನೂರಕ್ಕೆ ನಲವತ್ತು ಕೆಟ್ಟಿರಬೇಕು, ಇವನದು ಮೂವತ್ತೈದೇ ಆಗುತ್ತದೆ ಎಂದು ಎರಡು ಸಲ ವಾಪಸು ಕಳಿಸಿದ್ದರು. ಮೂರನೇ ಸಲ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂರಿಸಿಕೊಂಡು ಭೀಮಬಾಯಿ ಪಾಠ ಹೇಳಿಕೊಟ್ಟಿದ್ದಳು, ಹೆಸರು ಕೇಳಿದ್ರ ಗೊತ್ತಿಲ್ಲ ಅನ್ನು, ಊರು ಕೇಳಿದ್ರ ಗೊತ್ತಿಲ್ಲ ಅನ್ನು, ನನ್ನ ತೋರ್ಸಿ ಯಾರು ಅಂತ ಕೇಳಿದ್ರ, ಅದೂ ಗೊತ್ತಿಲ್ಲ ಅನ್ನು, ನಗಬ್ಯಾಡ. ಡಾಕ್ಟರು ಕೇಳಿದರು, ಈ ಹೆಂಗಸು ಯಾರಪ್ಪ, ಗೊತ್ತಿಲ್ರಿ ಎಂದ, ನೆಟ್ಟಗೆ ಅವಳ ಮುಖ ನೋಡಿ, ಅವಳ ಕಣ್ಣಲ್ಲಿ ನೀರು ಬಂತು, ಹೇಳಿಕೊಟ್ಟವಳೇ ಅತ್ತಳು, ನಾಟಕಕ್ಕೆ ಅತ್ತದ್ದಲ್ಲ ಅದು, ಬಸ್ಸಿನಲ್ಲಿ ಬರುವಾಗಲೂ ಅಳುತ್ತಿದ್ದಳು, ಪಾಸು ಸಿಕ್ಕಿತು. ಅಂಜನಮೂರ್ತಿ ಓದುತ್ತಾನೆ, ಸ್ವಂತ ಹೆಸರು ತಿಳಿಯದು, ಹೆಂಡತಿಯನ್ನೂ ಗುರುತಿಸುವುದಿಲ್ಲ, ಇವನ ಮಾತನ್ನು ನಂಬುವಂತಿಲ್ಲ, ಸರ್ಕಾರಿ ಡಾಕ್ಟರು ಸೀಲು ಹಾಕಿ ಬರೆದಿದ್ದಾರೆ ಕಣಯ್ಯ, ನೀನು ಅಕಿಗಿ ಗೊತ್ತಿಲ್ಲ ಅಂತೀಯ, ಅಕಿ ಯಾರು ಅಂತಾನೇ ನಿಂಗೆ ಗೊತ್ತಿಲ್ಲ, ನಿಂಗೆ ತಲೆ ಇಲ್ಲ, ತಲೆ ಅವಳ್ದು, ಕೈ ನಿಂದು. ಅದು ಸುಳ್ಳು ಕಾಗದ ರೀ ಎನ್ನುತ್ತಾನೆ ಸಾಯಬಣ್ಣ, ಸುಳ್ಳು ಹೇಳಿ ಬರಸೀವಿ, ಅಕಿ ನನ್ನ ಹೆಂಡ್ತಿ, ಭೀಮಬಾಯಿ, ನಾ ಸಾಯಬಣ್ಣ, ನಂಗೆಲ್ಲಾ ಗೊತ್ತದ, ಗೊತ್ತಿದ್ದೇ ಒಡದೀನಿ, ನನ್ನ ಒಳಗ ಹಾಕ್ರಿ — ಓಹೋ, ಎನ್ನುತ್ತಾನೆ ಅಂಜನಮೂರ್ತಿ, ಸರ್ಕಾರಕ್ಕೂ ಮೋಸ ಮಾಡ್ಸಿದಾಳೆ ಅನ್ನು, ಬರ್ಕೊಳ್ಳಪ್ಪ ಅದನ್ನೂ. ಎಡಗಡೆಯಿಂದ ಯಾರೋ ಅವನ ಭುಜ ತಟ್ಟುತ್ತಾರೆ, ಸಮಾಧಾನದ ಹಾಗೆ, ಮನೀಗಿ ಹೋಗಮು ನಡಿ, ನಾ ಅದೀನಿ, ಎನ್ನುತ್ತದೆ ಆ ದನಿ.

ಒಳಕೋಣೆಯಲ್ಲಿ ಹೆಂಗಸು ಪೊಲೀಸು ಪೀರಮ್ಮನ ದನಿ ಮೇಲೇರಿದೆ, ಮೂರು ಗಂಟೆಯಿಂದ ಬಾಯಿ ಬಿಟ್ಟಿಲ್ಲ ನೀನು, ಕೊನೇ ಸಲ ಕೇಳ್ತಿದೀನಿ, ಸದ್ದು ಕೇಳ್ತೋ ಇಲ್ವೋ? ಕೇಳ್ತರಿ, ಎನ್ನುತ್ತಾಳೆ ಭೀಮಬಾಯಿ. ಸಾಯಬಣ್ಣ ಬೆಂಚಿನ ಅಂಚು ಹಿಡಿದುಕೊಳ್ಳುತ್ತಾನೆ. ಕೇಳ್ತಾ? ಮತ್ಯಾಕೆ ಕೂಗ್ಲಿಲ್ಲ? ಅವಳ ದನಿ, ದಣಿದ ದನಿ, ಮೊದಲನೇ ಏಟಿಗೇ ಗೊತ್ತಾಯ್ತರಿ ಅಕ್ಕೋರೆ, ನನ್ನ ಗಂಡಂದು ಅಂತ, ಎರಡು ಸಣ್ಣ ಏಟು ಒಂದು ದೊಡ್ಡ ಏಟು, ಹನ್ನೆರಡು ವರ್ಷ ಬಗಲಾಗ ನಿಂತು ಕಲ್ಲು ಕೊಟ್ಟೀನಿ, ನಂಗ ಗೊತ್ತಾಗಂಗಿಲ್ಲೇನ್ರಿ, ಪಕ್ಕದ ಮನ್ಯಾಗ ರಿಪೇರಿ ನಡೆದಿತ್ತಲ್ಲ, ಯಾರೋ ಪುಣ್ಯಾತ್ಮರು ಕೆಲಸಕ್ಕ ಕರದಾರ, ನಂಗ ಹೇಳ್ದೇ ಬಂದಾನ, ಸಂಜಿಕಿ ಬಂದು ಹೇಳ್ತಾನ ಅಂದ್ಕೊಂಡೆ, ನನ್ನ ಗಂಡ ಮತ್ತ ಗೌಂಡಿ ಆದ ಅಂದ್ಕೊಂಡೆ, ಕೀಲಿ ಹಾಕಿದ ಬಾಗಿಲಿಗಿ ಬೆನ್ನ ಹಚ್ಚಿ ಕುಂತೆ, ಕೇಳ್ಕೋತ. ಎದ್ದು ಹೋಗಿ ನೋಡ್ಬಾರ್ದಿತ್ತಾ? ಕೆಲಸದ ಮ್ಯಾಲಿದ್ದಾಗ ಮಾತಾಡಿಸಬಾರ್ದರಿ, ಏಟು ತಪ್ತದ. ಪೀರಮ್ಮ ಏನೋ ಬರೆದುಕೊಳ್ಳುತ್ತಿದ್ದಾಳೆ, ಅಥವಾ ಬರೆಯುತ್ತಿಲ್ಲ, ಅಂಜನಮೂರ್ತಿ ಏನೋ ಹೇಳುತ್ತಿದ್ದಾನೆ, ದತ್ತುವಿನ ಕೈ ಭುಜದ ಮೇಲಿದೆಯೋ ಇಲ್ಲವೋ, ಇವನಿಗೆ ಕಾಣುತ್ತಿರುವುದು ಬಾಗಿಲು, ಬೀಗ ಹಾಕಿದ ಹಳೆಯ ಬಾಗಿಲು, ಅದಕ್ಕೆ ಬೆನ್ನು ಹಚ್ಚಿ ಕುಳಿತ ಹೆಂಗಸು, ಕಾಲು ಚಾಚಿದ್ದಾಳೆ, ಒದ್ದೆ ಕೈ ಸೆರಗಿಗೆ ಒರೆಸಿಕೊಂಡಿದ್ದಾಳೆ, ಇವನು ಹೊಡೆಯುತ್ತಿದ್ದಾನೆ, ಒಂದೊಂದು ಏಟಿಗೂ ಆ ಬಾಗಿಲು ಸಣ್ಣಗೆ ಅದುರುತ್ತದೆ, ಅದುರಿದಾಗೆಲ್ಲ ಅದು ಅವಳ ಬೆನ್ನಿಗೆ ತಾಗುತ್ತದೆ, ಅವಳು ನಗುತ್ತಿದ್ದಾಳೆ, ಇವನು ಇನ್ನೂ ಜೋರಾಗಿ ಹೊಡೆಯುತ್ತಾನೆ, ಇನ್ನೊಂದು ಇಟ್ಟಿಗೆ ಕೈಗೆ ಬಂತು, ಅವಳು ಬಾಗಿಲಿಗೆ ಬೆನ್ನು ಹಚ್ಚಿ ಕುಳಿತು ನಗುತ್ತಿದ್ದಾಳೆ, ಇನ್ನೊಂದು ಏಟು, ಅವಳು ಬಾಗಿಲಿಗೆ ಬೆನ್ನು ಹಚ್ಚಿ ಕುಳಿತಿದ್ದಾಳೆ, ಇನ್ನೊಂದು, ಕುಳಿತಿದ್ದಾಳೆ, ನಗುತ್ತಿದ್ದಾಳೆ —